ಪ್ರೋಟೀನುಗಳ ಮೇಲಿನ ಸಕ್ಕರೆ ಮತ್ತು ರೋಗನಿರೋಧಕ ಕೋಶಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ರೋಗನಿರೋಧಕ ವ್ಯವಸ್ಥೆಯನ್ನು ಕುರಿತ ಪಾಠಗಳಲ್ಲಿ ಗ್ರಾಹಕಗಳು, ಪ್ರತಿಕಾಯಗಳು, ಸಂಕೇತ ಪ್ರೋಟೀನುಗಳು ಎಂದು ಪ್ರೋಟೀನುಗಳ ಹೆಸರುಗಳೇ ತುಂಬಿರುತ್ತವೆ. ಅವುಗಳ ಮೈಮೇಲೆ ಕುಳಿತಿರುವ ಸಕ್ಕರೆಯ ವಿಷಯ ಬಹುತೇಕ ಒಂದೆರಡು ಸಾಲಿನಲ್ಲಿ ಮುಗಿದುಹೋಗುತ್ತದೆ. ಇದು ಸರಿಯಲ್ಲ ಎಂಬುದು ಈ ಪುಟವನ್ನು ಬರೆದವರ ದೃಢವಾದ ಅಭಿಪ್ರಾಯ. ಒಂದೇ ಪ್ರೋಟೀನು, ಅದರ ಮೇಲಿನ ಸಕ್ಕರೆ ಬದಲಾದ ಮಾತ್ರಕ್ಕೆ ಬೇರೆಯದೇ ಅಣುವಿನಂತೆ ನಡೆದುಕೊಳ್ಳುವ ಉದಾಹರಣೆಗಳು ಈ ಕ್ಷೇತ್ರದಲ್ಲಿ ಹೆಜ್ಜೆಹೆಜ್ಜೆಗೂ ಸಿಗುತ್ತವೆ. ಜೀವಶಾಸ್ತ್ರದ ವಿದ್ಯಾರ್ಥಿಗಳೂ ಆಸಕ್ತ ಓದುಗರೂ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಎತ್ತಿಕೊಳ್ಳಲಾಗಿದೆ.

ಪ್ರೋಟೀನಿಗೆ ಸಕ್ಕರೆ ಸೇರುವುದು ಎಂದರೆ ನಿಖರವಾಗಿ ಏನು?

ಜೀವಕೋಶದೊಳಗೆ ಪ್ರೋಟೀನು ತಯಾರಾಗುತ್ತಿರುವಾಗ ಅಥವಾ ತಯಾರಾದ ಮೇಲೆ, ಕಿಣ್ವಗಳು ಅದರ ನಿರ್ದಿಷ್ಟ ಅಮೈನೋ ಆಮ್ಲಗಳಿಗೆ ಸಕ್ಕರೆಯ ಘಟಕಗಳನ್ನು ಜೋಡಿಸುತ್ತವೆ. ಈ ಕ್ರಿಯೆಗೆ ಗ್ಲೈಕೋಸಿಲೀಕರಣ ಎಂದೂ, ಹಾಗೆ ಜೋಡಣೆಯಾದ ಸಕ್ಕರೆಯ ಸರಪಳಿಗೆ ಗ್ಲೈಕಾನ್ ಎಂದೂ ಹೆಸರು. ರಕ್ಷಣಾ ಕೋಶಗಳ ಮಟ್ಟಿಗೆ ಮೂರು ಬಗೆಗಳನ್ನು ತಿಳಿದುಕೊಂಡರೆ ಮುಂದಿನ ಮಾತು ಸುಲಭವಾಗುತ್ತದೆ.

ಮೊದಲನೆಯದು ಎನ್-ಗ್ಲೈಕಾನ್. ಕೋಶದೊಳಗೆ ಪ್ರೋಟೀನುಗಳು ತಯಾರಾಗುವ ಪೊರೆಜಾಲವಾದ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್‌ನಲ್ಲಿ ಎರಡು ಎನ್-ಅಸಿಟೈಲ್‌ಗ್ಲೂಕೋಸಮೀನ್, ಒಂಬತ್ತು ಮ್ಯಾನೋಸ್, ಮೂರು ಗ್ಲೂಕೋಸ್ ಹೀಗೆ ಒಟ್ಟು 14 ಸಕ್ಕರೆಗಳ ಒಂದು ಸಿದ್ಧ ಗೊಂಚಲು ಮೊದಲೇ ತಯಾರಾಗಿ ಕಾದಿರುತ್ತದೆ. ಆಸ್ಪರಜಿನ್ ಎಂಬ ಅಮೈನೋ ಆಮ್ಲ ಇರುವ ತಕ್ಕ ಜಾಗ ಕಂಡೊಡನೆ ಅದು ಇಡಿಯಾಗಿ ಪ್ರೋಟೀನಿಗೆ ವರ್ಗಾವಣೆಯಾಗುತ್ತದೆ. ಆಮೇಲೆ ಪ್ರೋಟೀನುಗಳನ್ನು ತಿದ್ದಿ ಮುಂದೆ ಕಳಿಸುವ ಗಾಲ್ಗಿ ಸಂಕೀರ್ಣದಲ್ಲಿ ಕೆಲವು ಘಟಕಗಳನ್ನು ಕತ್ತರಿಸಿ, ಬೇರೆ ಕೆಲವನ್ನು ಸೇರಿಸಿ, ಕವಲೊಡೆಸಿ ಅಂತಿಮ ರೂಪ ಕೊಡಲಾಗುತ್ತದೆ. ಎರಡನೆಯದು ಓ-ಗ್ಲೈಕಾನ್: ಇದು ಗಾಲ್ಗಿಯಲ್ಲಿ ಸೆರಿನ್ ಅಥವಾ ಥ್ರಿಯೋನಿನ್ ಎಂಬ ಅಮೈನೋ ಆಮ್ಲದ ಮೇಲೆ ಒಂದೊಂದೇ ಸಕ್ಕರೆಯಾಗಿ ಬೆಳೆಯುತ್ತದೆ. ಮೂರನೆಯದು ಕೋಶದ ಹೊರಮೈಗೆ ಬರುವುದೇ ಇಲ್ಲ. ಕೋಶರಸ ಮತ್ತು ಕೋಶಕೇಂದ್ರದ ಪ್ರೋಟೀನುಗಳ ಮೇಲೆ ಒಂದೇ ಒಂದು ಸಕ್ಕರೆಯಾಗಿ ಕೂರುವ ಓ-ಗ್ಲಿಕ್‌ನ್ಯಾಕ್ ಅದು (ಗ್ಲಿಕ್‌ನ್ಯಾಕ್ ಎಂಬುದು ಎನ್-ಅಸಿಟೈಲ್‌ಗ್ಲೂಕೋಸಮೀನಿನ ಚಿಕ್ಕ ಹೆಸರು). ಅದಕ್ಕೆ ಕೆಳಗೆ ಪ್ರತ್ಯೇಕ ಪ್ರಶ್ನೆಯಿದೆ.

ಮಧುಮೇಹಿಗಳ ಎಚ್‌ಬಿಎ1ಸಿ ಪರೀಕ್ಷೆಯಲ್ಲಿ ಅಳೆಯುವುದೂ ಇದನ್ನೇ ಅಲ್ಲವೇ?

ಅಲ್ಲ. ಹಿಮೋಗ್ಲೋಬಿನ್ನಿಗೆ ಗ್ಲೂಕೋಸ್ ಅಂಟಿಕೊಳ್ಳುವುದು ಕಿಣ್ವದ ನೆರವಿಲ್ಲದೆ, ರಕ್ತದಲ್ಲಿ ಸಕ್ಕರೆ ಹೆಚ್ಚಿದಷ್ಟೂ ತಾನಾಗಿ ನಡೆಯುವ ರಾಸಾಯನಿಕ ಕ್ರಿಯೆ. ಅದನ್ನು ಗ್ಲೈಕೇಶನ್ ಎನ್ನುತ್ತಾರೆ. ಈ ಪುಟದಲ್ಲಿ ಚರ್ಚಿಸುತ್ತಿರುವುದು ಕೋಶವು ಕಿಣ್ವಗಳ ಮೂಲಕ, ಗೊತ್ತಾದ ಜಾಗದಲ್ಲಿ, ಗೊತ್ತಾದ ಕ್ರಮದಲ್ಲಿ ನಡೆಸುವ ಕೆಲಸವನ್ನು. ಹೆಸರುಗಳು ಹತ್ತಿರವಾಗಿರುವುದರಿಂದ ಗೊಂದಲ ಸಹಜ, ಆದರೆ ಎರಡನ್ನೂ ಒಂದೆಂದು ತಿಳಿದರೆ ಮುಂದಿನದೆಲ್ಲ ತಪ್ಪಾಗಿ ಅರ್ಥವಾಗುತ್ತದೆ.

ಯಾವ ಸಕ್ಕರೆ ಎಲ್ಲಿ ಕೂರಬೇಕೆಂದು ಡಿಎನ್‌ಎಯಲ್ಲಿ ಬರೆದಿರುತ್ತದೆಯೇ?

ನೇರವಾಗಿ ಬರೆದಿರುವುದಿಲ್ಲ. ಪ್ರೋಟೀನಿನ ಅಮೈನೋ ಆಮ್ಲಗಳ ಸಾಲಿಗೆ ಡಿಎನ್‌ಎಯಲ್ಲಿ ಮಾದರಿಯಿದೆ, ಸಕ್ಕರೆಯ ಸರಪಳಿಗೆ ಅಂಥ ಮಾದರಿಯಿಲ್ಲ. ಸಕ್ಕರೆಗಳನ್ನು ಜೋಡಿಸುವ ಕಿಣ್ವಗಳಿಗೆ ಮನುಷ್ಯನಲ್ಲಿ ಸುಮಾರು 200 ಜೀನ್‌ಗಳಿವೆ. ಒಂದು ಕೋಶದಲ್ಲಿ ಆ ಹೊತ್ತಿಗೆ ಯಾವ ಕಿಣ್ವಗಳು ಎಷ್ಟಿವೆ, ಕಚ್ಚಾ ಸಕ್ಕರೆಯ ಪೂರೈಕೆ ಹೇಗಿದೆ, ಪ್ರೋಟೀನು ಗಾಲ್ಗಿಯನ್ನು ಎಷ್ಟು ಬೇಗ ದಾಟಿಹೋಗುತ್ತದೆ ಎಂಬುದೆಲ್ಲ ಸೇರಿ ಅಂತಿಮ ರೂಪ ನಿರ್ಧಾರವಾಗುತ್ತದೆ. ಆದ್ದರಿಂದ ಒಂದೇ ಪ್ರೋಟೀನು ಬೇರೆ ಬೇರೆ ಕೋಶಗಳಲ್ಲಿ, ಅಷ್ಟೇಕೆ ಒಂದೇ ಕೋಶದ ಬೇರೆ ಬೇರೆ ಹಂತಗಳಲ್ಲಿ, ಬೇರೆ ಬೇರೆ ಸಕ್ಕರೆಯನ್ನು ಹೊತ್ತಿರುತ್ತದೆ. ಹಂತಹಂತವಾಗಿ ಬೆಳೆದು, ಸ್ಥಳ ಬದಲಿಸಿ, ಎಚ್ಚೆತ್ತು, ಮತ್ತೆ ವಿರಮಿಸುವ ರಕ್ಷಣಾ ಕೋಶಗಳಿಗೆ ಈ ಬದಲಾಗುವ ಗುಣವೇ ಉಪಯೋಗಕ್ಕೆ ಬರುತ್ತದೆ.

ಟಿ ಕೋಶದ ಹುಟ್ಟಿನಲ್ಲಿ ಸಕ್ಕರೆಯ ಪಾತ್ರವೇನು?

ಅಸ್ಥಿಮಜ್ಜೆಯಿಂದ ಥೈಮಸ್ ಗ್ರಂಥಿಗೆ ಬಂದ ಮೂಲಕೋಶವೊಂದು, ಸೋಂಕಿತ ಕೋಶಗಳನ್ನು ಕೊಲ್ಲುವ ಮತ್ತು ಇತರ ರಕ್ಷಣಾ ಕೋಶಗಳನ್ನು ನಿರ್ದೇಶಿಸುವ ಟಿ ಕೋಶವಾಗಬೇಕೇ ಬೇಡವೇ ಎಂಬುದು ನಾಚ್1 ಎಂಬ ಗ್ರಾಹಕದ ಸಂಕೇತವನ್ನು ಅವಲಂಬಿಸಿದೆ. ಇಲಿಗಳಲ್ಲಿ ನಾಚ್1 ಜೀನನ್ನು ತೆಗೆದುಹಾಕಿದಾಗ ಟಿ ಕೋಶಗಳ ಬೆಳವಣಿಗೆ ಆರಂಭದಲ್ಲೇ ನಿಂತು, ಥೈಮಸ್‌ನಲ್ಲಿ ಪ್ರತಿಕಾಯ ತಯಾರಿಸುವ ಬಗೆಯ ಬಿ ಕೋಶಗಳು ಬೆಳೆದದ್ದನ್ನು 1999ರಲ್ಲಿ ವರದಿ ಮಾಡಲಾಯಿತು. ಅಂದರೆ ಕೋಶದ ಜಾತಿಯೇ ಬದಲಾಗುವಷ್ಟು ದೊಡ್ಡ ನಿರ್ಧಾರ ಅದು.

ಈ ನಾಚ್ ಗ್ರಾಹಕದ ಹೊರಭಾಗದ ತುಂಬ ಸಕ್ಕರೆಗಳಿವೆ. ಪೋಫಟ್1 ಎಂಬ ಕಿಣ್ವ ಮೊದಲು ಫ್ಯೂಕೋಸ್ ಎಂಬ ಸಕ್ಕರೆಯನ್ನು ಸೇರಿಸುತ್ತದೆ. ಫ್ರಿಂಜ್ ಕುಟುಂಬದ ಕಿಣ್ವಗಳು ಆ ಫ್ಯೂಕೋಸಿನ ಮೇಲೆ ಇನ್ನೊಂದು ಸಕ್ಕರೆಯನ್ನು, ಅಂದರೆ ಎನ್-ಅಸಿಟೈಲ್‌ಗ್ಲೂಕೋಸಮೀನನ್ನು, ಕೂರಿಸುತ್ತವೆ. ಈ ಒಂದು ಸಣ್ಣ ಸೇರ್ಪಡೆಯಿಂದ ನಾಚ್1 ಗ್ರಾಹಕವು ಥೈಮಸ್‌ನ ಆಧಾರಕೋಶಗಳ ಮೇಲಿರುವ ಡೆಲ್ಟಾ ಬಗೆಯ ಪ್ರೋಟೀನುಗಳನ್ನು ಹೆಚ್ಚು ಗಟ್ಟಿಯಾಗಿ ಹಿಡಿಯುತ್ತದೆ. ಲುನಾಟಿಕ್ ಫ್ರಿಂಜ್ ಎಂಬ ಕಿಣ್ವವು ಎಳೆಯ ಥೈಮಸ್ ಕೋಶಗಳಲ್ಲಿ ಚುರುಕಾಗಿದ್ದು, ಅವು ಸಿಡಿ4 ಮತ್ತು ಸಿಡಿ8 ಎಂಬ ಎರಡೂ ಮೇಲ್ಮೈ ಪ್ರೋಟೀನುಗಳನ್ನು ತೋರಿಸುವ ಮುಂದಿನ ಹಂತಕ್ಕೆ ಬಂದಾಗ ಕಡಿಮೆಯಾಗುತ್ತದೆ. ಹೀಗಾಗಿ ಸಂಖ್ಯೆಯಲ್ಲಿ ಬಹಳ ಹೆಚ್ಚಿರುವ ಬೆಳೆದ ಕೋಶಗಳು ಡೆಲ್ಟಾಗಾಗಿ ಸ್ಪರ್ಧಿಸದೆ ಹಿಂದೆ ಸರಿಯುತ್ತವೆ, ಸಂಖ್ಯೆಯಲ್ಲಿ ಕಡಿಮೆಯಿರುವ ಎಳೆಯ ಕೋಶಗಳಿಗೆ ಅದು ದಕ್ಕುತ್ತದೆ. ಜಾಗ ಇಕ್ಕಟ್ಟಾಗಿರುವಲ್ಲಿ ಯಾರಿಗೆ ಮೊದಲ ಪಾಲು ಎಂಬುದನ್ನು ಒಂದು ಸಕ್ಕರೆ ತೀರ್ಮಾನಿಸುವ ಈ ವ್ಯವಸ್ಥೆ ನಿಜಕ್ಕೂ ಬೆರಗು ಹುಟ್ಟಿಸುತ್ತದೆ.

ಥೈಮಸ್ ಕೋಶಗಳನ್ನು ಕಡಲೆಕಾಯಿಯ ಪ್ರೋಟೀನಿನಿಂದ ಬೇರ್ಪಡಿಸಬಹುದೆಂದು ಕೇಳಿದ್ದೇವೆ. ನಿಜವೇ?

ನಿಜ. 1976ರಲ್ಲಿ ಯಾಯಿರ್ ರೈಸ್ನರ್, ನೇಥನ್ ಶಾರನ್ ಮತ್ತು ಸಂಗಡಿಗರು ಇದನ್ನು ಇಲಿಯ ಥೈಮಸ್ ಕೋಶಗಳಲ್ಲಿ ಮಾಡಿ ತೋರಿಸಿದರು. ಕಡಲೆಕಾಯಿಯಲ್ಲಿ ಲೆಕ್ಟಿನ್ ಎಂಬ ಬಗೆಯ ಒಂದು ಪ್ರೋಟೀನಿದೆ. ಗ್ಯಾಲಕ್ಟೋಸ್ ತುದಿಯಲ್ಲಿರುವ ಒಂದು ನಿರ್ದಿಷ್ಟ ಓ-ಗ್ಲೈಕಾನನ್ನು ಅದು ಗುರುತಿಸಿ ಹಿಡಿಯುತ್ತದೆ. ಥೈಮಸ್ ಕೋಶಗಳ ದ್ರಾವಣಕ್ಕೆ ಈ ಲೆಕ್ಟಿನನ್ನು ಬೆರೆಸಿದಾಗ, ಕಲಕದ ಹಾಲಿನಂತೆ ಒಂದೇ ಸಮನಾಗಿದ್ದ ದ್ರವದಲ್ಲಿ ಕ್ರಮೇಣ ಬಿಳಿಯ ಹೆಪ್ಪುಗಳು ಕಾಣಿಸಿಕೊಳ್ಳುತ್ತವೆ. ಹೆಪ್ಪಾದ ಕೋಶಗಳು ಭಾರವಾಗಿ ಕೊಳವೆಯ ತಳಕ್ಕೆ ಇಳಿಯುತ್ತವೆ, ಹೆಪ್ಪಾಗದವು ಮೇಲೆಯೇ ಉಳಿಯುತ್ತವೆ. ತಳದ ಕೋಶಗಳಿಗೆ ಗ್ಯಾಲಕ್ಟೋಸ್ ದ್ರಾವಣವನ್ನು ಸೇರಿಸಿದರೆ ಲೆಕ್ಟಿನ್ ಆ ಬಿಡಿ ಸಕ್ಕರೆಯನ್ನೇ ಹಿಡಿದುಕೊಂಡು ಕೋಶಗಳನ್ನು ಬಿಟ್ಟುಕೊಡುತ್ತದೆ, ಹೆಪ್ಪು ಕರಗುತ್ತದೆ. ತಳಕ್ಕೆ ಇಳಿದವು ಇನ್ನೂ ಬಲಿಯದ ಕೋಶಗಳು, ಮೇಲೆ ಉಳಿದವು ಬಲಿತವು.

ವ್ಯತ್ಯಾಸಕ್ಕೆ ಕಾರಣ ಸಯಾಲಿಕ್ ಆಮ್ಲ ಎಂಬ ಸಕ್ಕರೆ. ಕೋಶ ಬಲಿತಂತೆ ಎಸ್‌ಟಿ3ಗ್ಯಾಲ್-1 ಎಂಬ ಕಿಣ್ವ ಹೆಚ್ಚಿ, ಆ ಗ್ಯಾಲಕ್ಟೋಸಿನ ತುದಿಗೆ ಸಯಾಲಿಕ್ ಆಮ್ಲದ ಮುಚ್ಚಳ ಹಾಕುತ್ತದೆ. ಆಗ ಕಡಲೆಕಾಯಿಯ ಲೆಕ್ಟಿನ್‌ಗೆ ಹಿಡಿಯಲು ಏನೂ ಸಿಗುವುದಿಲ್ಲ. ಇದು ಕೇವಲ ವಯಸ್ಸಿನ ಗುರುತಲ್ಲ. ಮುಚ್ಚಳವಿಲ್ಲದ ಎಳೆಯ ಕೋಶಗಳಲ್ಲಿ ಸಿಡಿ8 ಪ್ರೋಟೀನು, ಕೋಶದೊಳಗಿನ ಪ್ರೋಟೀನು ತುಣುಕುಗಳನ್ನು ಟಿ ಕೋಶಗಳಿಗೆ ತೋರಿಸುವ ಎಂಎಚ್‌ಸಿ ವರ್ಗ 1ರ ಅಣುಗಳಿಗೆ ಸುಲಭವಾಗಿ ಅಂಟುತ್ತದೆ, ಮುಚ್ಚಳ ಬಿದ್ದ ಮೇಲೆ ಆ ಅಂಟು ಸಡಿಲವಾಗುತ್ತದೆ. ಉಪಯುಕ್ತ ಕೋಶಗಳನ್ನು ಥೈಮಸ್ ಆರಿಸುವ ಹಂತದಲ್ಲಿ ದುರ್ಬಲ ಸಂಕೇತಗಳನ್ನೂ ಗ್ರಹಿಸಬೇಕಾದ ಕೋಶ, ಹೊರಗೆ ಹೋದ ಮೇಲೆ ಸುಮ್ಮಸುಮ್ಮನೆ ಕೆರಳಬಾರದು; ಅದಕ್ಕೆ ತಕ್ಕ ಬದಲಾವಣೆ ಇದು. ಈ ಕಿಣ್ವವಿಲ್ಲದ ಇಲಿಗಳಲ್ಲಿ ಥೈಮಸ್‌ನಿಂದ ಹೊರಬಂದ ಸಿಡಿ8 ಟಿ ಕೋಶಗಳು ಬಹುಪಾಲು ಸತ್ತುಹೋಗುತ್ತವೆ.

ಇದೇ ವಿಧಾನ ಮುಂದೆ ಚಿಕಿತ್ಸೆಗೂ ಬಂತು ಎಂಬುದನ್ನು ಇಲ್ಲಿ ಹೇಳಲೇಬೇಕು. ಸೋಯಾಬೀನಿನ ಲೆಕ್ಟಿನ್ ಬಳಸಿ ದಾನಿಯ ಅಸ್ಥಿಮಜ್ಜೆಯಿಂದ ಟಿ ಕೋಶಗಳನ್ನು ತೆಗೆಯುವ ಕ್ರಮವನ್ನು ರೈಸ್ನರ್ ಮತ್ತು ಸಹೋದ್ಯೋಗಿಗಳು 1980ರ ದಶಕದ ಆರಂಭದಲ್ಲಿ ರೂಪಿಸಿದರು. ಪೂರ್ಣ ಹೊಂದಾಣಿಕೆಯ ದಾನಿ ಸಿಗದ, ಹುಟ್ಟಿನಿಂದಲೇ ರೋಗನಿರೋಧಕ ಶಕ್ತಿಯಿಲ್ಲದ ಮಕ್ಕಳಿಗೆ ತಂದೆ ಅಥವಾ ತಾಯಿಯ ಮಜ್ಜೆಯನ್ನು ಕಸಿ ಮಾಡಲು ಅದು ದಾರಿ ಮಾಡಿಕೊಟ್ಟಿತು.

ಬೆಳೆದ ಟಿ ಕೋಶ ಎಷ್ಟು ಬೇಗ ಕೆರಳಬೇಕು ಎಂಬುದಕ್ಕೂ ಸಕ್ಕರೆಗೂ ಸಂಬಂಧವಿದೆಯೇ?

ಬಹಳ ನೇರವಾದ ಸಂಬಂಧವಿದೆ. ಎನ್-ಗ್ಲೈಕಾನುಗಳಿಗೆ ಕವಲುಗಳನ್ನು ಸೇರಿಸುವ ಕಿಣ್ವಗಳಲ್ಲಿ ಎಂಗ್ಯಾಟ್5 ಮುಖ್ಯವಾದದ್ದು. ಕವಲು ಹೆಚ್ಚಿದಷ್ಟೂ ಗ್ಯಾಲೆಕ್ಟಿನ್ ಎಂಬ ಪ್ರೋಟೀನುಗಳು ಅವುಗಳನ್ನು ಹಿಡಿದು, ಕೋಶದ ಮೇಲ್ಮೈಯಲ್ಲಿ ಒಂದು ಬಲೆಯಂಥ ರಚನೆಯನ್ನು ಮಾಡುತ್ತವೆ. ಟಿ ಕೋಶದ ಗ್ರಾಹಕಗಳು ಆ ಬಲೆಯಲ್ಲಿ ಸಿಕ್ಕಿಕೊಂಡು, ಪ್ರತಿಜನಕ, ಅಂದರೆ ಅವು ಗುರುತಿಸುವ ವಸ್ತು, ಎದುರಾದಾಗ ಒಂದೆಡೆ ಗುಂಪುಗೂಡುವುದು ತಡವಾಗುತ್ತದೆ. ಗುಂಪುಗೂಡದೆ ಸಂಕೇತ ಹುಟ್ಟದು. ಆದ್ದರಿಂದ ಈ ಬಲೆ ಒಂದು ಕಡಿವಾಣದಂತೆ ಕೆಲಸ ಮಾಡುತ್ತದೆ.

2001ರಲ್ಲಿ ಮೈಕೆಲ್ ಡೆಮೆಟ್ರಿಯೂ, ಜೇಮ್ಸ್ ಡೆನಿಸ್ ಮತ್ತು ಸಹೋದ್ಯೋಗಿಗಳು ಎಂಗ್ಯಾಟ್5 ಇಲ್ಲದ ಇಲಿಗಳ ಟಿ ಕೋಶಗಳು ಅತಿ ಕಡಿಮೆ ಪ್ರಚೋದನೆಗೂ ಕೆರಳುವುದನ್ನು ತೋರಿಸಿದರು. ಆ ಇಲಿಗಳಿಗೆ ವಯಸ್ಸಾದಂತೆ ಮೂತ್ರಪಿಂಡದ ಸ್ವಯಂ ನಿರೋಧಕ ರೋಗ (ರಕ್ಷಣಾ ವ್ಯವಸ್ಥೆ ಸ್ವಂತ ದೇಹದ ಮೇಲೇ ಎರಗುವ ರೋಗ) ಬಂತು. ಮಿದುಳು ಮತ್ತು ಮಿದುಳುಬಳ್ಳಿಯ ಉರಿಯೂತವನ್ನು ಪ್ರಯೋಗಕ್ಕಾಗಿ ಉಂಟುಮಾಡಿದಾಗ ಅದೂ ಹೆಚ್ಚು ಬೇಗ ತಗುಲಿತು. ಟಿ ಕೋಶದ ಗ್ರಾಹಕದಲ್ಲಿ ದೋಷವಿರಲಿಲ್ಲ, ಪ್ರತಿಜನಕವೂ ಬದಲಾಗಿರಲಿಲ್ಲ. ತಪ್ಪಿದ್ದು ಸಕ್ಕರೆಯ ಒಂದು ಕವಲು ಮಾತ್ರ. ಈ ವಿಷಯವನ್ನು ಹೊಸದಾಗಿ ಓದುವವರು ಒಂದೇ ಒಂದು ಪ್ರಯೋಗವನ್ನು ನೆನಪಿಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಲಿ.

ಇನ್ನೊಂದು ಸಂಗತಿ. ಕವಲು ಸೇರಿಸುವ ಈ ಕಿಣ್ವಗಳಿಗೆಲ್ಲ ಬೇಕಾದ ಕಚ್ಚಾ ವಸ್ತು ಯುಡಿಪಿ-ಗ್ಲಿಕ್‌ನ್ಯಾಕ್, ಅಂದರೆ ಜೋಡಣೆಗೆ ಸಿದ್ಧವಾದ ರೂಪದ ಎನ್-ಅಸಿಟೈಲ್‌ಗ್ಲೂಕೋಸಮೀನ್. ಗ್ಲೂಕೋಸ್, ಗ್ಲುಟಮೀನ್, ಅಸಿಟೈಲ್ ಕೋಎ ಮತ್ತು ಯುಟಿಪಿಗಳಿಂದ ಹೆಕ್ಸೋಸಮೀನ್ ಮಾರ್ಗದಲ್ಲಿ ಅದು ತಯಾರಾಗುತ್ತದೆ. ಎಂಗ್ಯಾಟ್5ಗೆ ಈ ವಸ್ತುವಿನ ಮೇಲಿರುವ ಹಿಡಿತ ದುರ್ಬಲವಾದ್ದರಿಂದ, ಪೂರೈಕೆ ತುಸು ಇಳಿದರೂ ಮೊದಲು ಕಡಿಮೆಯಾಗುವುದು ಅದರ ಕೆಲಸವೇ. ಹೀಗೆ ಕೋಶದ ಪೋಷಣೆಯ ಸ್ಥಿತಿಯು ಅದರ ಹೊರಮೈಯ ಸಕ್ಕರೆಯ ಮೂಲಕ ಅದರ ನಡವಳಿಕೆಗೆ ಇಳಿದುಬರುತ್ತದೆ.

ಕೋಶದೊಳಗಿನ ಒಂಟಿ ಸಕ್ಕರೆ, ಓ-ಗ್ಲಿಕ್‌ನ್ಯಾಕ್, ಏನು ಮಾಡುತ್ತದೆ?

ಗ್ಲೈಕಾನುಗಳೆಲ್ಲ ಕೋಶದ ಹೊರಮೈಯಲ್ಲಿ ಅಥವಾ ಸ್ರವಿಸುವ ಪ್ರೋಟೀನುಗಳಲ್ಲಿ ಮಾತ್ರ ಇರುತ್ತವೆ ಎಂಬ ನಂಬಿಕೆಯನ್ನು ಮುರಿದದ್ದು ಟೊರೆಸ್ ಮತ್ತು ಜೆರಾಲ್ಡ್ ಹಾರ್ಟ್ 1984ರಲ್ಲಿ ಪ್ರಕಟಿಸಿದ ಶೋಧ. ಅವರು ಪರೀಕ್ಷಿಸುತ್ತಿದ್ದದ್ದು ಲಿಂಫೋಸೈಟುಗಳನ್ನೇ (ಟಿ ಮತ್ತು ಬಿ ಕೋಶಗಳು ಸೇರಿದ ಬಿಳಿ ರಕ್ತಕಣಗಳ ಬಗೆ) ಎಂಬುದು ಈ ಪುಟಕ್ಕೆ ವಿಶೇಷವಾಗಿ ಹೊಂದುತ್ತದೆ. ಈ ಸಕ್ಕರೆಯನ್ನು ಕೂರಿಸಲು ಓಜಿಟಿ ಎಂಬ ಒಂದು ಕಿಣ್ವ, ತೆಗೆಯಲು ಓಜಿಎ ಎಂಬ ಇನ್ನೊಂದು, ಇವಿಷ್ಟೇ ಇರುವುದು. ಫಾಸ್ಫೇಟಿನಂತೆ ಇದು ಸೆರಿನ್ ಮತ್ತು ಥ್ರಿಯೋನಿನ್‌ಗಳ ಮೇಲೆ ಕೂರುತ್ತದೆ, ಬೇಕಾದಾಗ ತೆಗೆಯಲ್ಪಡುತ್ತದೆ, ಕೆಲವೆಡೆ ಫಾಸ್ಫೇಟ್ ಕೂರುವ ಜಾಗಕ್ಕೇ ಬಂದು ಅದನ್ನು ತಡೆಯುತ್ತದೆ.

ಟಿ ಕೋಶ ಎಚ್ಚೆತ್ತು ವಿಭಜನೆಗೆ ಇಳಿದಾಗ ಗ್ಲೂಕೋಸನ್ನೂ ಗ್ಲುಟಮೀನನ್ನೂ ಭಾರಿ ಪ್ರಮಾಣದಲ್ಲಿ ಒಳಗೆಳೆದುಕೊಳ್ಳುತ್ತದೆ, ಅದರೊಂದಿಗೆ ಓ-ಗ್ಲಿಕ್‌ನ್ಯಾಕ್ ಕೂಡ ಏರುತ್ತದೆ. ಎನ್‌ಎಫ್-ಕಪ್ಪಾಬಿ, ಎನ್‌ಫ್ಯಾಟ್, ಸಿ-ಮಿಕ್ ಮೊದಲಾದ ಜೀನ್ ನಿಯಂತ್ರಕ ಪ್ರೋಟೀನುಗಳ ಮೇಲೆ ಇದರ ಪ್ರಭಾವ ಕಂಡುಬಂದಿದೆ. ಓಜಿಟಿ ಇಲ್ಲದ ಟಿ ಕೋಶಗಳಿಗೆ ಪ್ರಚೋದನೆ ಸಿಕ್ಕರೂ ಸರಿಯಾಗಿ ವಿಭಜಿಸಲಾಗುವುದಿಲ್ಲ. ಉರಿಯೂತವನ್ನು ಹದ್ದುಬಸ್ತಿನಲ್ಲಿಡುವ ನಿಯಂತ್ರಕ ಟಿ ಕೋಶಗಳಲ್ಲಿ ಫಾಕ್ಸ್‌ಪಿ3 ಎಂಬ ಪ್ರೋಟೀನು ಬಾಳಿಕೆ ಬರಲು ಕೂಡ ಇದೇ ಸಕ್ಕರೆ ನೆರವಾಗುತ್ತದೆ.

ರಕ್ತದಲ್ಲಿ ಹರಿಯುವ ಬಿಳಿ ರಕ್ತಕಣಕ್ಕೆ ಸೋಂಕಿನ ಜಾಗ ಹೇಗೆ ಸಿಗುತ್ತದೆ?

ಸಕ್ಕರೆಯನ್ನು ಹಿಡಿದು. ಸೋಂಕಾದ ಅಂಗಾಂಶದ ಪಕ್ಕದ ರಕ್ತನಾಳದ ಒಳಗೋಡೆಯಲ್ಲಿ ಸೆಲೆಕ್ಟಿನ್ ಎಂಬ ಪ್ರೋಟೀನುಗಳು ತಲೆಯೆತ್ತುತ್ತವೆ. ನ್ಯೂಟ್ರೊಫಿಲ್ ಎಂಬ ಬಿಳಿ ರಕ್ತಕಣದ ಮೇಲ್ಮೈಯಲ್ಲಿ ಸಯಾಲಿಕ್ ಆಮ್ಲ, ಗ್ಯಾಲಕ್ಟೋಸ್, ಎನ್-ಅಸಿಟೈಲ್‌ಗ್ಲೂಕೋಸಮೀನ್ ಮತ್ತು ಫ್ಯೂಕೋಸ್ ಸೇರಿದ ಸಯಾಲಿಲ್ ಲೂಯಿಸ್ ಎಕ್ಸ್ ಎಂಬ ನಾಲ್ಕು ಸಕ್ಕರೆಗಳ ತುದಿಯಿದೆ. ಸೂಕ್ಷ್ಮದರ್ಶಕದಲ್ಲಿ ನೋಡುವಾಗ ನಾಳದ ನಡುವೆ ಗುರುತು ಸಿಗದಷ್ಟು ವೇಗದಲ್ಲಿ ಹರಿಯುತ್ತಿದ್ದ ಕೋಶವೊಂದು ಗೋಡೆಯ ಬಳಿ ಬಂದು, ಸೆಲೆಕ್ಟಿನ್ ತಾಗಿದೊಡನೆ ವೇಗ ಕಳೆದುಕೊಂಡು, ತಡೆತಡೆದು ಉರುಳಲು ತೊಡಗುತ್ತದೆ. ಹಿಂದಿನ ಹಿಡಿತ ಬಿಡುವಷ್ಟರಲ್ಲಿ ಮುಂದಿನ ಹಿಡಿತ ಸಿಕ್ಕಿರುತ್ತದೆ. ಹೀಗೆ ಉರುಳುತ್ತಿರುವಾಗಲೇ ಅದು ಅಲ್ಲಿನ ರಾಸಾಯನಿಕ ಸಂಕೇತಗಳನ್ನು ಗ್ರಹಿಸಿ, ಇಂಟಿಗ್ರಿನ್ ಎಂಬ ಇನ್ನೊಂದು ಬಗೆಯ ಪ್ರೋಟೀನಿನಿಂದ ಗಟ್ಟಿಯಾಗಿ ನಿಂತು, ಗೋಡೆ ದಾಟಿ ಹೊರಗೆ ಹೋಗುತ್ತದೆ.

ಈ ಸಕ್ಕರೆ ಇಲ್ಲದಿದ್ದರೆ ಏನಾಗುತ್ತದೆಂಬುದನ್ನು 1992ರಲ್ಲಿ ಇಬ್ಬರು ಮಕ್ಕಳ ಕಾಯಿಲೆ ತೋರಿಸಿಕೊಟ್ಟಿತು. ಅವರ ರಕ್ತದಲ್ಲಿ ನ್ಯೂಟ್ರೊಫಿಲ್‌ಗಳು ವಿಪರೀತವಾಗಿದ್ದವು, ಆದರೂ ಸೋಂಕುಗಳು ಮರುಕಳಿಸುತ್ತಿದ್ದವು, ಸೋಂಕಿದ ಜಾಗದಲ್ಲಿ ಕೀವು ಕಟ್ಟುತ್ತಿರಲಿಲ್ಲ. ಸೈನ್ಯವಿದ್ದೂ ರಣರಂಗಕ್ಕೆ ಇಳಿಯಲಾಗದ ಸ್ಥಿತಿ. ಎರಡನೆಯ ಬಗೆಯ ಲ್ಯೂಕೋಸೈಟ್ ಅಂಟಿಕೆ ದೋಷ ಎಂದು ಕರೆಯುವ ಈ ಕಾಯಿಲೆಗೆ ಕಾರಣ, ಫ್ಯೂಕೋಸನ್ನು ಗಾಲ್ಗಿಯೊಳಗೆ ಸಾಗಿಸುವ ಪ್ರೋಟೀನಿನ ಜೀನ್ ದೋಷವೆಂದು ಆಮೇಲೆ ತಿಳಿಯಿತು. ರಕ್ತದ ಗುಂಪಿನ ಎಚ್ ಪ್ರತಿಜನಕಕ್ಕೂ ಫ್ಯೂಕೋಸ್ ಬೇಕು; ಹಾಗಾಗಿ ಈ ಮಕ್ಕಳ ರಕ್ತ, 1952ರಲ್ಲಿ ಭೇಂಡೆ ಮತ್ತು ಸಂಗಡಿಗರು ವರದಿ ಮಾಡಿದ್ದ, ಎಚ್ ಪ್ರತಿಜನಕವಿಲ್ಲದ ಬಾಂಬೆ ರಕ್ತಗುಂಪಿನದಾಗಿರುತ್ತದೆ. ಆದರೆ ಬಾಂಬೆ ಗುಂಪಿನವರೆಲ್ಲರಿಗೂ ಈ ಕಾಯಿಲೆ ಇದೆ ಎಂದು ಯಾರೂ ಹೆದರಬೇಕಿಲ್ಲ. ಅವರಲ್ಲಿ ಇಲ್ಲದಿರುವುದು ಎಚ್ ಪ್ರತಿಜನಕಕ್ಕೆ ಬೇಕಾದ ಫ್ಯೂಕೋಸನ್ನು ಸೇರಿಸುವ ಕಿಣ್ವದ ಕೆಲಸ ಮಾತ್ರ, ಬಿಳಿ ಕಣಗಳ ಫ್ಯೂಕೋಸ್ ಹಾಗೆಯೇ ಇರುತ್ತದೆ.

ಬಿ ಕೋಶಗಳಲ್ಲಿ ಸಕ್ಕರೆ ಏನು ಮಾಡುತ್ತದೆ?

ಬಿ ಕೋಶದ ಮೇಲಿರುವ ಸಿಡಿ22 ಎಂಬ ಪ್ರೋಟೀನು ಸಿಗ್ಲೆಕ್ ಕುಟುಂಬಕ್ಕೆ ಸೇರಿದ್ದು. ಸಯಾಲಿಕ್ ಆಮ್ಲವನ್ನು ಗುರುತಿಸುವುದೇ ಈ ಕುಟುಂಬದ ಕೆಲಸ. ನಮ್ಮದೇ ಕೋಶಗಳ ಮೇಲೆ ಸಯಾಲಿಕ್ ಆಮ್ಲ ಹೇರಳವಾಗಿರುವುದರಿಂದ ಅದನ್ನು ಹಿಡಿದ ಸಿಡಿ22, ಬಿ ಕೋಶದ ಗ್ರಾಹಕದಿಂದ ಬರುವ ಸಂಕೇತವನ್ನು ತಗ್ಗಿಸುತ್ತದೆ. ಸಿಡಿ22ಗೆ ಬೇಕಾದ ಸಯಾಲಿಕ್ ಆಮ್ಲವನ್ನು ಕೂರಿಸುವ ಎಸ್‌ಟಿ6ಗ್ಯಾಲ್1 ಕಿಣ್ವ ಇಲ್ಲದ ಇಲಿಗಳಲ್ಲಿ ತಡೆ ತಪ್ಪಿ ಪ್ರತಿಕಾಯಗಳು ಹೆಚ್ಚಬಹುದೆಂದು ಯಾರಾದರೂ ನಿರೀಕ್ಷಿಸಬಹುದು. ಆದದ್ದು ತಿರುಗುಮುರುಗು: ಪ್ರತಿಕಾಯಗಳ ಉತ್ಪಾದನೆ ಕುಗ್ಗಿತು. ಸಿಡಿ22 ತನ್ನದೇ ಕೋಶದ ಸಕ್ಕರೆಗಳನ್ನು ಹಿಡಿದು ಗ್ರಾಹಕದಿಂದ ದೂರ ಉಳಿಯುತ್ತಿತ್ತು, ಆ ಸಕ್ಕರೆ ಇಲ್ಲವಾದಾಗ ಅದು ಗ್ರಾಹಕದ ಬಳಿಗೇ ಬಂದು ಕುಳಿತಿತು ಎಂಬುದು ಇದಕ್ಕೆ ಸಿಗುವ ವಿವರಣೆ. ಸಕ್ಕರೆಯ ವಿಷಯದಲ್ಲಿ ಸರಳ ಊಹೆಗಳು ನಿಲ್ಲುವುದಿಲ್ಲ.

ಪ್ರತಿಕಾಯಗಳ ಮೇಲಿನ ಸಕ್ಕರೆಗೆ ಇಷ್ಟೊಂದು ಮಹತ್ವ ಏಕೆ?

ಐಜಿಜಿ ಎಂಬ ಬಗೆಯ ಪ್ರತಿಕಾಯದ ಎರಡು ತೋಳುಗಳು ರೋಗಾಣುವನ್ನು ಹಿಡಿಯುತ್ತವೆ, ಕಾಂಡದಂಥ ಎಫ್‌ಸಿ ಭಾಗ ರಕ್ಷಣಾ ಕೋಶಗಳನ್ನು ಕರೆಯುತ್ತದೆ. ಆ ಕಾಂಡದ ಎರಡೂ ಸರಪಳಿಗಳಲ್ಲಿ 297ನೆಯ ಸ್ಥಾನದ ಆಸ್ಪರಜಿನ್ ಮೇಲೆ ಒಂದೊಂದು ಎನ್-ಗ್ಲೈಕಾನ್ ಇದೆ. ಎರಡು ಸರಪಳಿಗಳ ನಡುವಿನ ಅಂತರದಲ್ಲಿ ಕುಳಿತು ಕಾಂಡದ ಆಕಾರವನ್ನು ಕಾಯುವ ಈ ಗ್ಲೈಕಾನನ್ನು ತೆಗೆದರೆ, ಪ್ರತಿಕಾಯವು ರೋಗಾಣುವನ್ನು ಹಿಡಿಯಬಲ್ಲದೇ ಹೊರತು ಕೋಶಗಳ ಎಫ್‌ಸಿ ಗ್ರಾಹಕಗಳನ್ನು ಸರಿಯಾಗಿ ತಲುಪಲಾರದು. ಸ್ಟ್ರೆಪ್ಟೊಕಾಕಸ್ ಪಯೋಜೆನಿಸ್ ಬ್ಯಾಕ್ಟೀರಿಯಕ್ಕೆ ಈ ಗುಟ್ಟು ಗೊತ್ತಿದೆ: ಎಂಡೋಎಸ್ ಎಂಬ ಕಿಣ್ವವನ್ನು ಸ್ರವಿಸಿ, ಬೇರೇನನ್ನೂ ಮುಟ್ಟದೆ ಈ ಒಂದು ಗ್ಲೈಕಾನನ್ನೇ ಕತ್ತರಿಸಿಹಾಕುತ್ತದೆ.

ಗ್ಲೈಕಾನಿನ ಸಣ್ಣ ಬದಲಾವಣೆಗಳೂ ದೊಡ್ಡ ಪರಿಣಾಮ ಬೀರುತ್ತವೆ. ಆರೋಗ್ಯವಂತ ವಯಸ್ಕರ ಐಜಿಜಿಯಲ್ಲಿ ಶೇ. 90ಕ್ಕೂ ಹೆಚ್ಚು ಅಣುಗಳ ಗ್ಲೈಕಾನಿನ ಬುಡದಲ್ಲಿ ಫ್ಯೂಕೋಸ್ ಇರುತ್ತದೆ. ಅದಿಲ್ಲದ ಐಜಿಜಿ, ಸೋಂಕಿತ ಕೋಶಗಳನ್ನೂ ಕ್ಯಾನ್ಸರ್ ಕೋಶಗಳನ್ನೂ ಕೊಲ್ಲುವ ಎನ್‌ಕೆ ಕೋಶಗಳ ಎಫ್‌ಸಿ ಗ್ರಾಹಕಕ್ಕೆ 50 ಪಟ್ಟಿನವರೆಗೂ ಬಿಗಿಯಾಗಿ ಅಂಟುವುದನ್ನು 2002ರಲ್ಲಿ ತೋರಿಸಲಾಯಿತು. ಔಷಧ ತಯಾರಕರು ಇದನ್ನು ಬೇಗ ಬಳಸಿಕೊಂಡರು: ಫ್ಯೂಕೋಸ್ ಇಲ್ಲದಂತೆ ರೂಪಿಸಿದ ಮೊಗಮುಲಿಝುಮ್ಯಾಬ್‌ಗೆ 2012ರಲ್ಲಿ ಜಪಾನಿನಲ್ಲಿ, ಫ್ಯೂಕೋಸ್ ಕಡಿಮೆ ಮಾಡಿದ ಒಬಿನುಟುಝುಮ್ಯಾಬ್‌ಗೆ 2013ರಲ್ಲಿ ಅಮೆರಿಕದಲ್ಲಿ ರಕ್ತಸಂಬಂಧಿ ಕ್ಯಾನ್ಸರುಗಳ ಚಿಕಿತ್ಸೆಗಾಗಿ ಅನುಮತಿ ದೊರೆಯಿತು. ಕ್ಯಾನ್ಸರ್ ಕೋಶವನ್ನು ಕೊಲ್ಲಲು ನೆರವಾಗುವ ಈ ತೀವ್ರತೆಯೇ ಬೇರೆ ಕಡೆ ಹಾನಿಗೂ ಕಾರಣವಾಗಬಹುದು. ತೀವ್ರ ಸ್ವರೂಪದ ಡೆಂಗಿ ಮತ್ತು ಕೋವಿಡ್-19 ರೋಗಿಗಳಲ್ಲಿ ಆಯಾ ವೈರಸ್ಸಿನ ವಿರುದ್ಧದ ಐಜಿಜಿಯಲ್ಲಿ ಫ್ಯೂಕೋಸ್ ಇಲ್ಲದ ಅಣುಗಳ ಪಾಲು ಹೆಚ್ಚಿರುವುದನ್ನು ಸಂಶೋಧಕರು ಕಂಡಿದ್ದಾರೆ.

ಗ್ಯಾಲಕ್ಟೋಸಿನ ಕಥೆ ಇನ್ನೂ ಹಳೆಯದು. ರುಮಟಾಯ್ಡ್ ಸಂಧಿವಾತದ ರೋಗಿಗಳ ಐಜಿಜಿಯಲ್ಲಿ ಗ್ಯಾಲಕ್ಟೋಸ್ ಇಲ್ಲದ ಗ್ಲೈಕಾನುಗಳು ಹೆಚ್ಚಿವೆ ಎಂದು 1985ರಲ್ಲಿ ಆಕ್ಸ್‌ಫರ್ಡ್‌ನ ರೇಮಂಡ್ ಡ್ವೆಕ್ ಅವರ ತಂಡ ವರದಿ ಮಾಡಿತು. ಗರ್ಭಿಣಿಯಾದಾಗ ಗ್ಯಾಲಕ್ಟೋಸ್ ಏರುತ್ತದೆ, ಅನೇಕ ಮಹಿಳೆಯರಲ್ಲಿ ಕೀಲುನೋವು ತಗ್ಗುತ್ತದೆ. ಹೆರಿಗೆಯ ನಂತರ ಎರಡೂ ಹಿಂದಿನ ಸ್ಥಿತಿಗೆ ಮರಳುತ್ತವೆ. ಒಂದು ಇನ್ನೊಂದಕ್ಕೆ ಕಾರಣವೆಂದು ಇಷ್ಟರಿಂದಲೇ ಹೇಳುವುದು ಆತುರವಾಗುತ್ತದೆ, ಆದರೆ ಎರಡೂ ಜೊತೆಜೊತೆಗೆ ಸಾಗುವುದು ಮತ್ತೆ ಮತ್ತೆ ಕಂಡುಬಂದಿದೆ. ತುದಿಯ ಸಯಾಲಿಕ್ ಆಮ್ಲವೇ ಐಜಿಜಿಗೆ ಉರಿಯೂತ ಶಮನದ ಗುಣ ಕೊಡುತ್ತದೆಂದು 2006ರಲ್ಲಿ ಜೆಫ್ರಿ ರಾವೆಚ್ ಅವರ ಗುಂಪು ಇಲಿಗಳ ಪ್ರಯೋಗದಿಂದ ವಾದಿಸಿತು. ಮನುಷ್ಯರಲ್ಲಿ ಅದು ಎಷ್ಟರಮಟ್ಟಿಗೆ ಅನ್ವಯಿಸುತ್ತದೆಂಬ ಚರ್ಚೆ ನಡೆಯುತ್ತಲೇ ಇದೆ.

ಇತರ ಪ್ರತಿಕಾಯಗಳಲ್ಲೂ ಹೀಗೆಯೇ ಇದೆಯೇ?

ಐಜಿಎ1 ಎಂಬ ಪ್ರತಿಕಾಯದ ಕೀಲುಭಾಗದಲ್ಲಿ ಓ-ಗ್ಲೈಕಾನುಗಳಿವೆ. ಅವುಗಳಿಗೆ ಗ್ಯಾಲಕ್ಟೋಸ್ ಸೇರದೆ ಹೋದಾಗ ಒಳಗಿನ ಸಕ್ಕರೆ ಬಯಲಾಗಿ, ಅದರ ವಿರುದ್ಧವೇ ಪ್ರತಿಕಾಯಗಳು ಹುಟ್ಟಿ, ಎರಡೂ ಕೂಡಿದ ಗಂಟುಗಳು ಮೂತ್ರಪಿಂಡದ ಸೋಸುಗಗಳಲ್ಲಿ ಸಿಕ್ಕಿಕೊಳ್ಳುತ್ತವೆ. 1968ರಲ್ಲಿ ಜಾನ್ ಬರ್ಜೆ ಮೊದಲು ವಿವರಿಸಿದ ಐಜಿಎ ನೆಫ್ರೋಪತಿ ಎಂಬ ಮೂತ್ರಪಿಂಡ ರೋಗದ ಮೂಲದಲ್ಲಿರುವುದು ಈ ದೋಷ. ಅಲರ್ಜಿಯ ಐಜಿಇಯಲ್ಲಿ 394ನೆಯ ಸ್ಥಾನದ ಮ್ಯಾನೋಸ್ ತುಂಬಿದ ಗ್ಲೈಕಾನ್ ಇಲ್ಲದಿದ್ದರೆ ಅದು ಅಲರ್ಜಿಯ ಲಕ್ಷಣಗಳನ್ನು ಹುಟ್ಟಿಸುವ ಮಾಸ್ಟ್ ಕೋಶದ ಗ್ರಾಹಕವನ್ನೇ ಹಿಡಿಯಲಾರದು.

ರೋಗಾಣುಗಳೂ ಕ್ಯಾನ್ಸರ್ ಕೋಶಗಳೂ ಇದನ್ನು ದುರುಪಯೋಗ ಮಾಡಿಕೊಳ್ಳುತ್ತವೆಯೇ?

ಮಾಡಿಕೊಳ್ಳುತ್ತವೆ. ಎಚ್‌ಐವಿಯ ಹೊರ ಪ್ರೋಟೀನಾದ ಜಿಪಿ120ರ ತೂಕದಲ್ಲಿ ಸುಮಾರು ಅರ್ಧದಷ್ಟು ಸಕ್ಕರೆಯೇ. ಆ ಸಕ್ಕರೆಯನ್ನು ಕೂರಿಸಿದ್ದು ವೈರಸ್ಸಲ್ಲ, ಅದು ಹೊಕ್ಕ ನಮ್ಮದೇ ಕೋಶ. ಆದ್ದರಿಂದ ಅದು ರಕ್ಷಣಾ ವ್ಯವಸ್ಥೆಗೆ ಸ್ವಂತದ್ದರಂತೆ ಕಾಣುತ್ತದೆ, ಕೆಳಗಿನ ಪ್ರೋಟೀನು ಮರೆಯಾಗುತ್ತದೆ. ಕೋವಿಡ್-19 ವೈರಸ್ಸಿನ ಸ್ಪೈಕ್ ಪ್ರೋಟೀನಿನ ಪ್ರತಿ ಘಟಕದಲ್ಲೂ ಇಂಥ 22 ಎನ್-ಗ್ಲೈಕಾನ್ ಸ್ಥಾನಗಳಿವೆ. ಕ್ಯಾನ್ಸರ್ ಕೋಶಗಳು ಸಯಾಲಿಕ್ ಆಮ್ಲವನ್ನು ಹೆಚ್ಚಿಸಿಕೊಂಡು, ಎನ್‌ಕೆ ಕೋಶಗಳ ಸಿಗ್ಲೆಕ್-7 ಮತ್ತು ಸಿಗ್ಲೆಕ್-9ರ ಮೂಲಕ ದಾಳಿಯನ್ನು ತಣ್ಣಗಾಗಿಸುತ್ತವೆ. ರಕ್ಷಣಾ ವ್ಯವಸ್ಥೆಯನ್ನೇ ಕ್ಯಾನ್ಸರ್ ವಿರುದ್ಧ ಬಳಸುವ ಇಮ್ಯುನೋಥೆರಪಿಯಲ್ಲಿ ಬಹಳ ಕೇಳಿಬರುವ, ಟಿ ಕೋಶಗಳನ್ನು ತಡೆಯುವ ಪಿಡಿ-ಎಲ್1 ಪ್ರೋಟೀನೂ ಗ್ಲೈಕಾನುಗಳಿಂದ ತುಂಬಿದೆ. ಅಂಗಾಂಶದ ತುಣುಕನ್ನು ಪರೀಕ್ಷಿಸುವಾಗ ಗ್ಲೈಕಾನುಗಳನ್ನು ಕಿಣ್ವದಿಂದ ತೆಗೆದ ಮೇಲೆ ಪಿಡಿ-ಎಲ್1 ಹೆಚ್ಚು ಸ್ಪಷ್ಟವಾಗಿ ಪತ್ತೆಯಾದ ಉದಾಹರಣೆಗಳಿವೆ.

ಸಕ್ಕರೆ ಜೋಡಣೆಯ ಜೀನ್ ದೋಷಗಳಿಂದ ರೋಗನಿರೋಧಕ ಶಕ್ತಿ ಕುಂದುವುದುಂಟೇ?

ಉಂಟು, ಮತ್ತು ಇವುಗಳಿಂದ ಕಲಿಯುವುದು ಬಹಳವಿದೆ. ಯುಡಿಪಿ-ಗ್ಲಿಕ್‌ನ್ಯಾಕ್ ತಯಾರಿಕೆಯ ಪಿಜಿಎಂ3 ಕಿಣ್ವದ ಕೊರತೆಯಿಂದ ಐಜಿಇ ವಿಪರೀತ ಏರಿ, ಚರ್ಮದ ಇಸುಬು ಮತ್ತು ಮರುಕಳಿಸುವ ಸೋಂಕುಗಳು ಕಾಡುತ್ತವೆ. ಇದನ್ನು 2014ರಲ್ಲಿ ಗುರುತಿಸಲಾಯಿತು. ಎಂಎಜಿಟಿ1 ಎಂಬ ಜೀನಿನ ದೋಷದಿಂದ ಬರುವ ಎಕ್ಸ್‌ಮೆನ್ ಕಾಯಿಲೆಯನ್ನು 2011ರಲ್ಲಿ ಮೆಗ್ನೀಸಿಯಮ್ ಸಾಗಣೆಯ ತೊಂದರೆ ಎಂದೇ ವಿವರಿಸಲಾಗಿತ್ತು. ಆ ಜೀನಿನ ಪ್ರೋಟೀನು ಎನ್-ಗ್ಲೈಕಾನನ್ನು ವರ್ಗಾಯಿಸುವ ಕಿಣ್ವ ಸಂಕೀರ್ಣದ ಅಂಗವೆಂದು ಆಮೇಲೆ ಗೊತ್ತಾಯಿತು. ಸಕ್ಕರೆ ಸರಿಯಾಗಿ ಕೂರದ್ದರಿಂದ ಎನ್‌ಕೆಜಿ2ಡಿ ಎಂಬ ಗ್ರಾಹಕವು ರಕ್ಷಣಾ ಕೋಶಗಳ ಮೇಲ್ಮೈಯಲ್ಲಿ ಕಡಿಮೆಯಾಗಿ, ಎಪ್ಸ್ಟೀನ್-ಬಾರ್ ವೈರಸ್ಸನ್ನು ಹತೋಟಿಯಲ್ಲಿಡಲು ಕಷ್ಟವಾಗುತ್ತದೆ.

ಎನ್-ಗ್ಲೈಕಾನಿನಿಂದ ಮೊದಲ ಗ್ಲೂಕೋಸನ್ನು ಕತ್ತರಿಸುವ ಎಂಒಜಿಎಸ್ ಕಿಣ್ವದ ದೋಷವಿದ್ದ ಮಕ್ಕಳಲ್ಲಿ ಕಂಡದ್ದು ಇನ್ನೂ ವಿಚಿತ್ರ. ಅವರ ರಕ್ತದಲ್ಲಿ ಪ್ರತಿಕಾಯಗಳು ಬಹಳ ಕಡಿಮೆಯಿದ್ದರೂ ವೈರಸ್ ಸೋಂಕುಗಳು ನಿರೀಕ್ಷಿಸಿದಷ್ಟು ಇರಲಿಲ್ಲ. ಪೊರೆಯಿರುವ ವೈರಸ್ಸುಗಳು ತಮ್ಮ ಗ್ಲೈಕಾನುಗಳಿಗಾಗಿ ಅದೇ ಕಿಣ್ವವನ್ನು ನೆಚ್ಚಿಕೊಂಡಿರುವುದರಿಂದ ಆ ಮಕ್ಕಳ ಕೋಶಗಳಲ್ಲಿ ಅವುಗಳಿಗೂ ಸರಿಯಾಗಿ ಬೆಳೆಯಲಾಗುತ್ತಿರಲಿಲ್ಲ.

ಇವಕ್ಕೆ ಚಿಕಿತ್ಸೆ ಇದೆಯೇ? ಸಕ್ಕರೆ ತಿಂದರೆ ಸರಿಹೋಗುತ್ತದೆಯೇ?

ಕೆಲವು ದೋಷಗಳಲ್ಲಿ ನಿರ್ದಿಷ್ಟ ಸಕ್ಕರೆಯೇ ಔಷಧ. ಮೇಲೆ ಹೇಳಿದ ಫ್ಯೂಕೋಸ್ ಸಾಗಣೆಯ ದೋಷದಲ್ಲಿ ಬಾಯಿಯ ಮೂಲಕ ಫ್ಯೂಕೋಸ್ ಕೊಟ್ಟಾಗ ಕೆಲವು ಮಕ್ಕಳಲ್ಲಿ ಸೋಂಕುಗಳು ಇಳಿದಿವೆ; ಎಲ್ಲರಿಗೂ ಅದು ಫಲಿಸಿಲ್ಲ, ಏಕೆಂದರೆ ಸಾಗಣೆಯ ಪ್ರೋಟೀನಿನಲ್ಲಿ ಎಷ್ಟು ಶಕ್ತಿ ಉಳಿದಿದೆ ಎಂಬುದರ ಮೇಲೆ ಫಲ ನಿಂತಿದೆ. ದಿನನಿತ್ಯದ ಸಕ್ಕರೆಯನ್ನು ಹೆಚ್ಚು ತಿನ್ನುವುದರಿಂದ ಯಾವ ಗ್ಲೈಕಾನೂ ಸರಿಹೋಗುವುದಿಲ್ಲ, ಮತ್ತು ವೈದ್ಯರ ಸಲಹೆಯಿಲ್ಲದೆ ಇಂಥ ಪೂರಕಗಳನ್ನು ತೆಗೆದುಕೊಳ್ಳುವುದು ಸಲ್ಲದು.

ಜಿ6ಪಿಸಿ3 ಎಂಬ ಜೀನಿನ ದೋಷದ ಚಿಕಿತ್ಸೆ ಈ ಕ್ಷೇತ್ರದ ಅತ್ಯಂತ ಸಂತೋಷದ ಸುದ್ದಿಗಳಲ್ಲಿ ಒಂದು. ಆ ದೋಷವಿರುವವರ ನ್ಯೂಟ್ರೊಫಿಲ್‌ಗಳು ಸಂಖ್ಯೆಯಲ್ಲೂ ಕಡಿಮೆ, ಅವುಗಳ ಗ್ಲೈಕಾನುಗಳೂ ಮೊಟಕು. ಆಹಾರದಿಂದ ಬರುವ 1,5-ಅನ್‌ಹೈಡ್ರೊಗ್ಲುಸಿಟಾಲ್ ಎಂಬ ಸಕ್ಕರೆಯಂಥ ವಸ್ತು ನ್ಯೂಟ್ರೊಫಿಲ್‌ನೊಳಗೆ ಫಾಸ್ಫೇಟ್ ಸೇರಿಸಿಕೊಂಡು ಸಂಗ್ರಹವಾಗಿ, ಗ್ಲೂಕೋಸ್ ಬಳಕೆಯ ಮೊದಲ ಹೆಜ್ಜೆಯನ್ನೇ ತಡೆಯುತ್ತದೆ ಎಂದು 2019ರಲ್ಲಿ ತಿಳಿಯಿತು. ಮಧುಮೇಹಕ್ಕೆ ಬಳಸುವ ಎಂಪಾಗ್ಲಿಫ್ಲೋಜಿನ್ ಮಾತ್ರೆ ಆ ವಸ್ತುವನ್ನು ಮೂತ್ರದಲ್ಲಿ ಹೊರಹಾಕಿಸುತ್ತದೆ. ಇದೇ ತೊಂದರೆ ಕಾಣುವ ಗ್ಲೈಕೋಜೆನ್ ಸಂಗ್ರಹ ರೋಗದ 1ಬಿ ಬಗೆಯ ರೋಗಿಗಳಿಗೆ 2020ರಲ್ಲಿ ಆ ಮಾತ್ರೆ ಕೊಟ್ಟಾಗ ನ್ಯೂಟ್ರೊಫಿಲ್‌ಗಳ ಕೆಲಸ ಸುಧಾರಿಸಿತು. ಜಿ6ಪಿಸಿ3 ದೋಷವಿರುವವರಿಗೂ ಅದನ್ನು ಕೊಡತೊಡಗಿದರು.

ಗ್ಲೈಕೋಸಿಲೀಕರಣದ ಸಾಮಾನ್ಯ ರಕ್ತಪರೀಕ್ಷೆಯಲ್ಲಿ ಇವೆಲ್ಲ ಪತ್ತೆಯಾಗುತ್ತವೆಯೇ?

ಪತ್ತೆಯಾಗುತ್ತವೆಂದು ನಂಬಿ ಕೂರುವುದು ಅಪಾಯಕಾರಿ. ಹುಟ್ಟಿನಿಂದ ಬರುವ ಗ್ಲೈಕೋಸಿಲೀಕರಣ ದೋಷಗಳಿಗೆ ಸಾಮಾನ್ಯವಾಗಿ ಮಾಡಿಸುವುದು ಟ್ರಾನ್ಸ್‌ಫೆರಿನ್ ಪರೀಕ್ಷೆ. ಯಕೃತ್ತಿನಲ್ಲಿ ತಯಾರಾಗುವ ಆ ಪ್ರೋಟೀನಿನ ಸಯಾಲಿಕ್ ಆಮ್ಲಗಳ ಸಂಖ್ಯೆ ಕುಗ್ಗಿದೆಯೇ ಎಂದು ಅದು ನೋಡುತ್ತದೆ. ಫ್ಯೂಕೋಸ್ ಸಾಗಣೆಯ ದೋಷದಲ್ಲಿ ಸಯಾಲಿಕ್ ಆಮ್ಲಕ್ಕೆ ತೊಂದರೆಯಾಗುವುದಿಲ್ಲವಾದ್ದರಿಂದ ಫಲಿತಾಂಶ ಸಹಜವೆಂದೇ ಬರುತ್ತದೆ. ಎಂಒಜಿಎಸ್ ದೋಷದಲ್ಲೂ ಸಹಜವೆಂದು ಬಂದಿರುವುದುಂಟು. ಆದ್ದರಿಂದ ಸೋಂಕುಗಳು ಮರುಕಳಿಸುತ್ತಿದ್ದು ಅದರೊಂದಿಗೆ ಬೆಳವಣಿಗೆಯ ಅಥವಾ ನರಮಂಡಲದ ತೊಂದರೆಯೂ ಇದ್ದರೆ, ಈ ಒಂದು ವರದಿಯನ್ನು ನೋಡಿ ವಿಷಯವನ್ನು ಅಲ್ಲಿಗೇ ಮುಗಿಸಬಾರದು. ನ್ಯೂಟ್ರೊಫಿಲ್‌ಗಳ ಮೇಲೆ ಸಯಾಲಿಲ್ ಲೂಯಿಸ್ ಎಕ್ಸ್ ಇದೆಯೇ, ಎನ್‌ಕೆ ಕೋಶಗಳ ಮೇಲೆ ಎನ್‌ಕೆಜಿ2ಡಿ ಎಷ್ಟಿದೆ ಎಂಬುದನ್ನು, ಕೋಶಗಳನ್ನು ಒಂದೊಂದಾಗಿ ಲೇಸರ್ ಬೆಳಕಿನಲ್ಲಿ ಪರೀಕ್ಷಿಸುವ ಫ್ಲೋ ಸೈಟೋಮೆಟ್ರಿಯಿಂದ ಕೆಲವೇ ಗಂಟೆಗಳಲ್ಲಿ ನೋಡಬಹುದು, ಜೀನ್ ಪರೀಕ್ಷೆಯಿಂದ ದೋಷವನ್ನು ಖಚಿತಪಡಿಸಿಕೊಳ್ಳಬಹುದು.